ಗಿಟಾರ್ ಕೆಲಸಕ್ಕೆ ಯಾವ ಲೇಸರ್ ಮೆಷಿನ್?

ಹೊಸದಾಗಿ ಗಿಟಾರ್ ಮಾಡಲು ಶುರುಮಾಡಿದ ಹುಡುಗರು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಎಷ್ಟು ವಾಟ್ ಲೇಸರ್ ತಗೊಳ್ಳಲಿ?" ಕಿರಣದಿಂದ ಮರವನ್ನು ಸುಟ್ಟು ಕತ್ತರಿಸುವ, ಕೆತ್ತುವ ಮೆಷಿನ್ ಇದು. ನಾನು ವಾಪಸ್ ಕೇಳುತ್ತೇನೆ: ಗಿಟಾರಿನ ಯಾವ ಭಾಗಕ್ಕೆ? ಯಾವ ಮರಕ್ಕೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಮೆಷಿನ್ ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಮೈಸೂರಿನ ನನ್ನ ಚಿಕ್ಕ ವರ್ಕ್‌ಶಾಪಿನಲ್ಲಿ ಅಕೂಸ್ಟಿಕ್ ಗಿಟಾರ್ ಮಾಡುತ್ತೇನೆ. ಹಿಂಬದಿಗೂ ಪಕ್ಕಗಳಿಗೂ ನಮ್ಮ ಬೀಟೆ ಮರ, ಟಾಪ್‌ಗೆ, ಅಂದರೆ ಮುಂಬದಿಯ ಹಲಗೆಗೆ, ಸ್ಪ್ರೂಸ್ ಅನ್ನುವ ಮರ. ಕೆಳಗೆ ಬರೆದದ್ದೆಲ್ಲ ಈ ಕೆಲಸದ ಲೆಕ್ಕದಲ್ಲಿ.

ಫೈಬರ್ ಲೇಸರ್ ಇರುವುದು ಲೋಹದ ಕೆಲಸಕ್ಕೆ, ಅದನ್ನು ಬಿಟ್ಟುಬಿಡಿ. ಉಳಿದದ್ದು ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲದ ಟ್ಯೂಬಿನಿಂದ ಕಿರಣ ಬರುವ ಬಗೆ) ಮತ್ತು ಡಯೋಡ್ (ಚಿಕ್ಕ ಚಿಪ್‌ನಿಂದ ಕಿರಣ ಬರುವ ಬಗೆ). ಸಿಓಟು ಕಿರಣದ ಅಲೆಯುದ್ದ 10.6 ಮೈಕ್ರಾನ್. ಮರ, ಅಕ್ರಿಲಿಕ್ ಎರಡನ್ನೂ ಸಲೀಸಾಗಿ ಕತ್ತರಿಸುತ್ತದೆ. ಡಯೋಡ್‌ನದು ನೀಲಿ ಬೆಳಕು, ಸುಮಾರು 450 ನ್ಯಾನೋಮೀಟರ್. ಮರಕ್ಕೆ ಸಾಕು, ಆದರೆ ಪಾರದರ್ಶಕ ಅಕ್ರಿಲಿಕ್ ಇಟ್ಟರೆ ಕಿರಣ ಸುಮ್ನೆ ಆಚೆಗೆ ಹೊರಟುಹೋಗುತ್ತದೆ.

ಕತ್ತರಿಸುವುದರಲ್ಲಿ ಸಿಓಟುವೇ ಮೇಲು. ಆದರೂ ನಾನು ಆರಿಸಿಕೊಂಡದ್ದು ಡಯೋಡ್. ಮೊದಲ ಕಾರಣ ಅಳತೆ. ಕೈಗೆಟುಕುವ ಬೆಲೆಯ ಕೆ40 ಬಗೆಯ ಸಿಓಟು ಮೆಷಿನ್ನಿನ ಕೆಲಸದ ಜಾಗ ಸುಮಾರು 300 ಮಿ.ಮೀ. ಉದ್ದ, 200 ಮಿ.ಮೀ. ಅಗಲ. ಡ್ರೆಡ್‌ನಾಟ್ ಅನ್ನುವ ದೊಡ್ಡ ಬಗೆಯ ಗಿಟಾರಿನ ಬಾಡಿ ಸುಮಾರು 500 ಮಿ.ಮೀ. ಉದ್ದ, ಕೆಳಭಾಗ 400 ಮಿ.ಮೀ. ಹತ್ತಿರ ಅಗಲ. ಒಳಗೆ ಹೋಗುವುದೇ ಇಲ್ಲ! ಡಯೋಡ್ ಮೆಷಿನ್ನುಗಳಲ್ಲಿ ಬರೀ ಚೌಕಟ್ಟು ಇರುವ ಬಗೆ ಇದೆ. ಅದರ ಕಾಲುಗಳ ಕೆಳಗೆ ದಿಮ್ಮಿ ಕೊಟ್ಟು ಎತ್ತರಿಸಿ, ಗಿಟಾರಿನ ಬಾಡಿಯನ್ನೇ ಅಡಿಗೆ ಇಡಬಹುದು. ಎರಡನೇ ಕಾರಣ ನೀರು. ಸಿಓಟುವಿನ ಗಾಜಿನ ಟ್ಯೂಬ್ ತಣ್ಣಗಿರಲು ಸದಾ ನೀರು ಹರಿಯುತ್ತಿರಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ಇನ್ನು ಕರೆಂಟ್. ಅರ್ಧ ಕೆತ್ತನೆಯಲ್ಲಿ ಪವರ್ ಹೋದರೆ ಆ ಹಲಗೆಯ ಗತಿ ಏನು? ಡಯೋಡ್ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ.

ವಾಟ್ ಬಗ್ಗೆ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ ದೊಡ್ಡದಾಗಿ 40 ವಾಟ್ ಅಂತಿದ್ದರೆ, ಅದು ಮೆಷಿನ್ ಎಳೆಯುವ ವಿದ್ಯುತ್ತೋ ಅಥವಾ ಹೊರಬರುವ ಬೆಳಕಿನ ಶಕ್ತಿಯೋ ಅಂತ ಕೇಳಿ. ಹಾಗೆ ಮಾರುತ್ತಿದ್ದ ಎಷ್ಟೋ ಡಯೋಡ್‌ಗಳಲ್ಲಿ ಹೊರಬರುವ ಬೆಳಕು 5 ವಾಟ್ ಆಸುಪಾಸು. ನೋಡಬೇಕಾದದ್ದು ಆಪ್ಟಿಕಲ್ ಪವರ್. ಗಿಟಾರ್ ಕೆಲಸಕ್ಕೆ 10 ವಾಟ್ ಆಪ್ಟಿಕಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ದುಡ್ಡಿದ್ದರೆ ಅದನ್ನು ಏರ್ ಅಸಿಸ್ಟ್ ಪಂಪಿಗೆ ಹಾಕಿ. ಬೀಟೆಯಲ್ಲಿ ಎಣ್ಣೆಯಂಥ ಅಂಟು ಜಾಸ್ತಿ. ಗಾಳಿ ಊದದಿದ್ದರೆ ಅಂಚಿಗೆಲ್ಲ ಮಸಿ ಮೆತ್ತಿಕೊಳ್ಳುತ್ತದೆ. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೆತ್ತಿದರೆ ಇನ್ನೂ ಶುಚಿ.

ಒಂದೊಂದು ಮರ ಒಂದೊಂದು ಥರ. ಮೇಪಲ್ ಮೇಲೆ ಗೆರೆ ಕಂದು ಬಣ್ಣದಲ್ಲಿ ಅಚ್ಚುಕಟ್ಟಾಗಿ ಮೂಡುತ್ತದೆ. ಕರಿಮರದ ಮೇಲೆ ಕಪ್ಪಿನಲ್ಲಿ ಕಪ್ಪು, ಕಾಣುವುದೇ ಕಷ್ಟ. ಅಲ್ಲಿ ತಗ್ಗು ಕೆತ್ತಿ, ಹಿತ್ತಾಳೆ ಪುಡಿ ಕಲಸಿದ ಎಪಾಕ್ಸಿ ಅಂಟು ತುಂಬುತ್ತೇನೆ. ಸ್ಪ್ರೂಸ್‌ನಲ್ಲಿ ಮೆದು ಎಳೆ ಬೇಗ ಸುಡುತ್ತದೆ, ಗಟ್ಟಿ ಎಳೆ ನಿಧಾನ. ಹಾಗಾಗಿ ತಗ್ಗಿನ ತಳ ಏರುತಗ್ಗಾಗಿ ಉಳಿಯುತ್ತದೆ.

ಸ್ಪ್ರೂಸ್ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಗಿಟಾರಿನ ದನಿ ಹುಟ್ಟುವುದೇ ಆ ಟಾಪ್‌ನಲ್ಲಿ ಅಲ್ವಾ? ಅದರ ದಪ್ಪ ಸುಮಾರು 2.5 ಮಿ.ಮೀ. ಹಲಗೆಯ ಬಿಗಿ (ಬಾಗದೆ ನಿಲ್ಲುವ ಗುಣ) ದಪ್ಪದ ಘನದ ಲೆಕ್ಕದಲ್ಲಿ ಬದಲಾಗುತ್ತದೆ. ಒಂದು ಜಾಗದಲ್ಲಿ 0.5 ಮಿ.ಮೀ. ಸುಟ್ಟು 2 ಮಿ.ಮೀ.ಗೆ ಇಳಿಸಿದರೆ, ಅಲ್ಲಿನ ಬಿಗಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಬ್ರಿಡ್ಜ್ (ಟಾಪ್ ಮೇಲೆ ತಂತಿ ಕಟ್ಟುವ ಪಟ್ಟಿ) ಸುತ್ತ ಹೂಬಳ್ಳಿ ಕೆತ್ತಿಕೊಡಿ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ರೋಸೆಟ್ (ಟಾಪ್‌ನ ದುಂಡು ರಂಧ್ರದ ಸುತ್ತಿನ ಅಲಂಕಾರ), ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತಲೆಭಾಗ), ಹಿಂಬದಿಯ ನಡುಪಟ್ಟಿ, ಅಲಂಕಾರಕ್ಕೆ ಇಷ್ಟು ಜಾಗ ಧಾರಾಳ.

ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ) ಕೆತ್ತುವವರು ಫೋಕಸ್ (ಕಿರಣ ಚೂಪಾಗುವ ಎತ್ತರ) ನೋಡಿಕೊಳ್ಳಬೇಕು. 12 ಇಂಚಿನ ರೇಡಿಯಸ್‌ನಲ್ಲಿ ಮೇಲ್ಮೈಗೆ ದುಂಡು ಕೊಟ್ಟ ಹಲಗೆ 52 ಮಿ.ಮೀ. ಅಗಲ ಇರುವ ಕಡೆ, ಅಂಚು ನಡುವಿಗಿಂತ 1 ಮಿ.ಮೀ.ಗೂ ಸ್ವಲ್ಪ ಹೆಚ್ಚು ಕೆಳಗಿರುತ್ತದೆ. ನಡುವೆ ಚೂಪಾಗಿ ಬಂದ ಗೆರೆ ಅಂಚಿನಲ್ಲಿ ಮಬ್ಬಾಗಬಹುದು. ಫ್ರೆಟ್ (ಫಿಂಗರ್‌ಬೋರ್ಡಿಗೆ ಅಡ್ಡವಾಗಿ ಕೂರಿಸುವ ಲೋಹದ ಪಟ್ಟಿ) ಸೀಳುಗಳನ್ನಂತೂ ಲೇಸರಿನಲ್ಲಿ ಕತ್ತರಿಸಬೇಡಿ. ಅವು ಸುಮಾರು 0.6 ಮಿ.ಮೀ. ಅಗಲ ಇರಬೇಕು, ಗೋಡೆ ನೆಟ್ಟಗಿರಬೇಕು. ಲೇಸರ್ ಸೀಳು ಕೆಳಗೆ ಹೋದಂತೆ ಓರೆಯಾಗುತ್ತದೆ, ಸುಟ್ಟ ಗೋಡೆ ಫ್ರೆಟ್ಟನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಗುರುತಿನ ಗೆರೆ ಮಾತ್ರ ಹಾಕಿಸಿ. 648 ಮಿ.ಮೀ. ಸ್ಕೇಲ್‌ಗೆ (ಮಿಡಿಯುವ ತಂತಿಯ ಉದ್ದ) ಮೊದಲ ಫ್ರೆಟ್ ನಟ್‌ನಿಂದ (ಹೆಡ್‌ಸ್ಟಾಕ್ ಬದಿಯಲ್ಲಿ ತಂತಿ ಕೂರುವ ಪಟ್ಟಿ) 36.37 ಮಿ.ಮೀ., ಹನ್ನೆರಡನೆಯದು 324 ಮಿ.ಮೀ. ಆಮೇಲೆ ಫ್ರೆಟ್ ಗರಗಸ ಹಿಡಿಯಿರಿ.

ಕೆಲವು ವಸ್ತುಗಳನ್ನು ಲೇಸರ್ ಕೆಳಗೆ ಇಡಲೇಬಾರದು. ಪಿಕ್‌ಗಾರ್ಡ್ (ಟಾಪ್‌ಗೆ ಗೀರು ಬೀಳದಂತೆ ಅಂಟಿಸುವ) ಹಾಳೆಗಳು ಎಷ್ಟೋ ಸಲ ಪಿವಿಸಿ ಆಗಿರುತ್ತವೆ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿನ ರೈಲುಗಳಿಗೂ ತುಕ್ಕು. ಸೆಲ್ಯುಲಾಯ್ಡ್ ಬೈಂಡಿಂಗ್ (ಬಾಡಿಯ ಅಂಚಿನ ಪಟ್ಟಿ) ಅಂದರೆ ನೈಟ್ರೋಸೆಲ್ಯುಲೋಸ್, ಭಗ್ ಅಂತ ಹತ್ತಿಕೊಳ್ಳುತ್ತದೆ. ಅದೇ ಕಾರಣಕ್ಕೆ ನೈಟ್ರೋ ಲ್ಯಾಕರ್ (ಅದೇ ನೈಟ್ರೋಸೆಲ್ಯುಲೋಸ್‌ನ ಹೊಳಪು ಲೇಪ) ಹೊಡೆಯುವ ಮೊದಲೇ ಕೆತ್ತನೆ ಮುಗಿಸುತ್ತೇನೆ. ಅಲಂಕಾರಕ್ಕೆ ಕೂರಿಸುವ ಮುತ್ತಿನ ಚಿಪ್ಪು ಕತ್ತರಿಸಲು ಆಭರಣದ ಗರಗಸವೇ ಸರಿ.

ಹಾಗಾದರೆ ಲೇಸರ್ ದಿನಾ ಮಾಡುವುದೇನು? ಟೆಂಪ್ಲೇಟ್! 3 ಮಿ.ಮೀ. ಪ್ಲೈವುಡ್‌ನಲ್ಲಿ ಬಾಡಿ ಆಕಾರ, ಬ್ರೇಸ್‌ಗಳ (ಒಳಗಿಂದ ಬಲ ಕೊಡುವ ಮರದ ಕಡ್ಡಿಗಳು) ಜಾಗ, ಬ್ರಿಡ್ಜ್ ಕೂರುವ ಜಾಗ, ನೆಕ್‌ನ ಅಡ್ಡಕೊಯ್ತದ ಆಕಾರ ನೋಡುವ ಅಳತೆಪಟ್ಟಿಗಳು. ಇಂಕ್‌ಸ್ಕೇಪ್‌ನಲ್ಲಿ ಬಿಡಿಸುತ್ತೇನೆ, ಲೇಸರ್‌ಜಿಆರ್‌ಬಿಎಲ್‌ನಲ್ಲಿ ಓಡಿಸುತ್ತೇನೆ. ಎರಡೂ ಉಚಿತ. ಕಿರಣ ತಿನ್ನುವ ಅಗಲವನ್ನು ಡ್ರಾಯಿಂಗ್‌ನಲ್ಲೇ ಕೂಡಿಸಿದರೆ ತುಂಡು ಸರಿಯಾಗಿ ಕೂರುತ್ತದೆ. ಮೈಸೂರಿನ ಬೀಟೆ ಇನ್‌ಲೇ (ಮರದೊಳಗೆ ತುಂಡು ಕೂರಿಸುವ ಕಲೆ) ಕುಶಲಕರ್ಮಿಗಳು ಇದೇ ಬಿಗಿ ಜೋಡಣೆಯನ್ನು ಗರಗಸ, ಉಳಿಯಲ್ಲೇ ಸಾಧಿಸುತ್ತಾರೆ. ಅವರ ಕೆಲಸ ನೋಡಿದ ಮೇಲೆ ರೋಸೆಟ್‌ನ ಎಲೆ, ಬಳ್ಳಿಗಳನ್ನು ಸುಡುವುದು ಬಿಟ್ಟೆ. ಬಣ್ಣಬಣ್ಣದ ವೆನೀರ್ (ತೆಳು ಮರದ ಹಾಳೆ) ತುಂಡುಗಳನ್ನು ಲೇಸರಿನಲ್ಲಿ ಕತ್ತರಿಸಿ, ಕೈಯಲ್ಲಿ ಕೂರಿಸುತ್ತೇನೆ. ನೋಡಲು ಅದೇ ಚೆಂದ.

ಕೊಳ್ಳುವ ಮುಂಚೆ ಎರಡು ಖರ್ಚು ಪಕ್ಕಕ್ಕೆ ತೆಗೆದಿಡಿ. ಒಂದು, ಹೊಗೆಯನ್ನು ಕಿಟಕಿಯಿಂದಾಚೆ ತಳ್ಳುವ ಫ್ಯಾನ್ ಮತ್ತು ಪೈಪ್. ಬೀಟೆ ಪುಡಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಅದರ ಹೊಗೆಯನ್ನು ಮುಚ್ಚಿದ ಕೋಣೆಯಲ್ಲಿ ಕುಡಿಯುತ್ತಾ ಕೂರಬೇಡಿ. ಇನ್ನೊಂದು, ಕನ್ನಡಕ. 450 ನ್ಯಾನೋಮೀಟರ್ ತಡೆಯುತ್ತದೆ ಅಂತ ಅದರ ಮೇಲೇ ಬರೆದಿರಬೇಕು. ಚೌಕಟ್ಟಿನ ಮೆಷಿನ್ನಿಗೆ ಸುತ್ತ ಗೋಡೆ ಇಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೂ ಒಂದೊಂದು ಕನ್ನಡಕ ಬೇಕು. ಇವೆರಡಕ್ಕೂ ದುಡ್ಡು ಹೊಂದದಿದ್ದರೆ ಮೆಷಿನ್ನನ್ನು ಮುಂದಿನ ತಿಂಗಳು ತಗೊಳ್ಳಿ.