ಎಳ್ಳ ಅಮಾಸಿ ಭಜ್ಜಿ ಲೆಕ್ಕ, ಇಲ್ಲಿತನಕ ಆಗಿದ್ದು

2024ರ ಡಿಸೆಂಬರ್ 30ಕ್ಕ ಎಳ್ಳ ಅಮಾಸಿ (ಹೊಲದಾಗ ಪೂಜಿ ಮಾಡಿ ಅಲ್ಲೇ ಎಲ್ಲರೂ ಕೂಡಿ ಉಣ್ಣೋ ಹಬ್ಬ) ಬಂದಿತ್ತು, ಅವತ್ತ ಆಳಂದ ಕಡಿ ನಮ್ಮ ಹೊಲದಾಗ ಊಟಕ್ಕ ಕುಂತಾಗ ನೋಡಿನಿ, ಆಯಿ (ನಮ್ಮ ಅಜ್ಜಿ) ಕೈ ಭಾಳ ನಡಗ್ಲಿಕತ್ತಿದ್ವು. ಈ ಭಜ್ಜಿ ಅಂದ್ರ ಕರಿಯೋ ಬಜ್ಜಿ ಅಲ್ಲ, ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಕೂಡಿಸಿ, ಮಜ್ಜಿಗ್ಯಾಗ ಕಲಸಿದ ಕಡ್ಲಿಹಿಟ್ಟು ಹಾಕಿ ಕುದಿಸೋದು. ಅದರ ಅಳತಿ ಮನ್ಯಾಗ ಯಾರ ಹತ್ರನೂ ಬರದಿಟ್ಟಿದ್ದಿಲ್ಲ, ಎಲ್ಲಾ ಆಕಿ ಕೈಯಾಗೇ ಇತ್ತು. ಮುಂದಿನ ಅಮಾಸಿ ಅನ್ನೋದ್ರಾಗ ಅದನ್ನ ಗ್ರಾಂ ಲೆಕ್ಕದಾಗ ಬರೀಬೇಕಂತ ಅವತ್ತೇ ಠರಾಯಿಸ್ದೆ.

ಮೊದಲನೇ ಟ್ರಯಲ್ (ನವೆಂಬರ್, ಕಲಬುರಗಿ ಮನಿ, 6 ಮಂದಿಗಿ)
ಕಣ್ಣಿ ಮಾರ್ಕೆಟ್‌ದಾಗ ಹಸಿ ತೊಗರಿ, ಅಲಸಂದಿ, ಮೆಂತ್ಯೆ, ಪುಂಡಿಪಲ್ಯ (ಹುಳಿ ಸೊಪ್ಪು), ಬದನಿಕಾಯಿ ಸಿಕ್ವು. ಎಲ್ಲಾ ಒಮ್ಮೆಲೇ ಬಗೋಣಿಗಿ ಹಾಕಿ ಕುದಿಸ್ದೆ, ಒಂದು ತಾಸಾದ್ರೂ ಕಾಳು ಹಲ್ಲಿಗಿ ಗಟ್ಟಿ. ಆಯಿಗಿ ಫೋನ್ ಮಾಡಿದ್ರ ಮೊದಲು ಕೇಳಿದ್ದೇ, "ಪುಂಡಿಪಲ್ಯ ಯಾವಾಗ ಹಾಕಿದೆಪಾ?" ಹುಳಿ ಮೊದಲೇ ಬಿದ್ರ ಕಾಳು ಲಗೂನ ಮೆತ್ತಗಾಗಂಗಿಲ್ಲ, ಕಾಳು ಪೂರಾ ಬೆಂದ ಮ್ಯಾಲೇ ಹುಳಿ. ನೋಟ್‌ಬುಕ್ಕಿನ ಮೊದಲನೇ ಸಾಲು ಇದೇ.

ಎರಡನೇದು (ಊರಾಗ)
ಡಿಜಿಟಲ್ ಕಾಟಾ ತಗೊಂಡು ಹೋಗಿ ಆಯಿ ಹೊರಸಿನ ಬಾಜೂಕ ಇಟ್ಟೆ. ಆಕಿ ಬೊಗಸಿ ಹಸಿ ತೊಗರಿ ಐದು ಸಲ ತೂಗಿದೆ, ಪ್ರತಿ ಸಲ 170ರಿಂದ 190 ಗ್ರಾಂದೊಳಗೇ ಬಂತು, ನಡಗೋ ಕೈಲೇ! ನನ್ನ ಬೊಗಸಿ 260 ಗ್ರಾಂ ಆಗ್ತದ, ಅಂದ್ರ "ಎರಡು ಬೊಗಸಿ" ಅಂತ ಬರಕೊಂಡಿದ್ರ ಎಲ್ಲಾ ಕೆಡ್ತಿತ್ತು. 6 ಮಂದಿಗಿ ತೊಗರಿ 360 ಗ್ರಾಂ ಅಂತ ಫಿಕ್ಸ್ ಮಾಡಿದ್ವಿ. ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕದ ಅಂತ ಎಲ್ಲರಿಗೂ ಗೊತ್ತು, ಆದ್ರ ನನಗ ಕೇಳಿದ್ರ ನಮ್ಮ ಎರಿ ಹೊಲದ ತೊಗರಿದು ಖರೇ ರುಚಿ ಹಸಿ ಇದ್ದಾಗೇ.

ಅಮಾಸಿ ದಿನ
72 ಮಂದಿ ಲೆಕ್ಕ. ಸೋಲಾಪುರದಿಂದ ಅತ್ತಿ ಮನಿಯವ್ರು, ಪುಣೆದಿಂದ ಕಾಕಾ, ಕಾಕು, ಮಕ್ಕಳು, ಟಂಟಂ ಆಟೋದಾಗ ಅರ್ಧ, ಟ್ರ್ಯಾಕ್ಟರ್‌ದಾಗ ಅರ್ಧ. ಅವ್ವ, ದೊಡ್ಡವ್ವ ಹಿಂದಿನ ದಿನಾನೇ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಮುಗಿಸಿ ಬುಟ್ಟಿ ಕಟ್ಟಿದ್ರು, ಅಂಬಲಿ ಮಣ್ಣಿನ ಗಡಿಗ್ಯಾಗ ರಾತ್ರಿ ಪೂರಾ ಹುಳಿಯಾಗಿತ್ತು.

ತೊಗರಿ ಹನ್ನೆರಡು ಪಟ್ಟು ಅಂದ್ರ 4 ಕಿಲೋ 320 ಗ್ರಾಂ, ಉಳಿದ ಕಾಳೂ ಹಂಗೇ. ನೀರೂ ಹನ್ನೆರಡು ಪಟ್ಟು ಹಾಕಿದ್ದು ತಪ್ಪಾಯ್ತು, ದೊಡ್ಡ ಬಗೋಣ್ಯಾಗ ನೀರು ಅಷ್ಟು ಆರಂಗಿಲ್ಲ, ಭಜ್ಜಿ ತಿಳಿ ಆಯ್ತು. ವೈನಿ ಮಜ್ಜಿಗ್ಯಾಗ ಕಡ್ಲಿಹಿಟ್ಟು ಕಲಸಿ ಇನ್ನಷ್ಟು ಹಾಕಿ ಸರಿ ಮಾಡಿದ್ರು, ಮುಂದ 9 ಪಟ್ಟು ನೀರು ಸಾಕಂತ ಬರದೀನಿ.

ಹೊಲದಾಗ ಪಾಂಡವರು ಅಂತ ಇಟ್ಟ ಕಲ್ಲಿಗಿ ಪೂಜಿ ಆಗಿ, ಕಾಕಾ ಚರಗ (ಬೆಳಿಗಿ ಹಾಕೋ ಎಡಿ) ಚೆಲ್ಲಕೋತ "ಹುಲ್ಲುಲ್ಲಿಗೋ" ಅಂದ್ರ ಹಿಂದಿನಿಂದ ಹುಡುಗರೆಲ್ಲಾ "ಸಲಾಂಬ್ರಿಗೋ" ಅಂತ ಒದರಿದ್ವು, ಜ್ವಾಳದ ನಡುವ ಅವುಗಳ ತಲಿನೂ ಕಾಣ್ತಿದ್ದಿಲ್ಲ. ಆಮ್ಯಾಲ ಎಲ್ಲರೂ ಸಾಲಾಗಿ ಕುಂತ್ವಿ.

ಎರಡನೇ ಪಂಕ್ತಿಗಿ ಭಜ್ಜಿ ಕಡಿಮಿ ಬಿತ್ತು. ಹಾದ್ಯಾಗ ಹೋಗೋರನ್ನೆಲ್ಲಾ ಆಯಿ "ಬರ್ರೀ, ಉಂಡು ಹೋಗ್ರೀ" ಅಂತ ಕರದು ಕೂಡ್ಸಿದ್ಳು, ಹದಿನಾಲ್ಕು ಮಂದಿ ಆದ್ರು. ನನಗ ಭಾಳ ಬ್ಯಾಸರಾಯ್ತು, ಲೆಕ್ಕ ನಂದೇ ಇತ್ತಲ್ಲ. ಆಯಿನ ಕೇಳಿದ್ರ, ಮಂದಿ ಎಣಿಸಿ ಹಾಕಿದ ಮ್ಯಾಲ ಐದು ಬೊಗಸಿ ತೊಗರಿ ಜಾಸ್ತಿ ಹಾಕ್ತಿದ್ದೆ, ಅದು ಹಾದಿ ಮಂದೀದು ಅಂದ್ಳು. ಕಾಟಾದ ಮುಂದ ಕುಂತಾಗ ಯಾಕ ಹೇಳ್ಲಿಲ್ಲ ಅಂದ್ರ, "ನೀ ಮನಿ ಮಂದೀದು ಕೇಳಿದ್ದಿ."

900 ಗ್ರಾಂ ಆಗ್ತದ. ನೋಟ್‌ಬುಕ್ಕಿನಾಗ "ಹಾದಿ ಮಂದಿ" ಅಂತ ಬ್ಯಾರೆ ಸಾಲು ಹಾಕಿ ಬರದೀನಿ. ಅಂಬಲಿ ಅಳತಿ ಇನ್ನೂ ಬಾಕಿ ಅದ, ಸಂಕ್ರಾಂತಿಗಿ ಊರಿಗಿ ಹೋದಾಗ ಕಾಟಾ ಒಯ್ತೀನಿ.