ತೋಟದ ಹಸಿರು, ಚರ್ಚೆಯ ನೀಲಿ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಬಳಗವೊಂದಕ್ಕೆ ಮೊದಲೇ ಜಾಲತಾಣವಿತ್ತು. ಧಾರಣೆ, ಮಳೆ, ಸಿಂಪಡಣೆಯ ಮಾಹಿತಿ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಪ್ರಶ್ನೋತ್ತರ ಮಾತ್ರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದು, ಶುಭೋದಯದ ಹೂವಿನ ಚಿತ್ರಗಳಡಿ ಹೂತುಹೋಗುತ್ತಿತ್ತು. ಕಳೆದ ಮುಂಗಾರಿನಲ್ಲಿ ಕೊಳೆ ರೋಗದ ಬಗ್ಗೆ ಯಾರೋ ಪುರುಸೊತ್ತು ಮಾಡಿಕೊಂಡು ಬರೆದ ಉತ್ತರ ಈ ಮುಂಗಾರಿಗೆ ಬೇಕೆಂದರೆ ಸಿಗದು. ಅದಕ್ಕಾಗಿ ತಾಣಕ್ಕೆ ಒಂದು ಚರ್ಚಾ ವೇದಿಕೆ ಬೇಕೆಂದು ಬಳಗದ ಹಿರಿಯರೊಬ್ಬರು ದಾವಣಗೆರೆಗೆ ಬಂದು, ಹದಡಿ ರಸ್ತೆಯಲ್ಲಿ ಔಷಧದ ಅಂಗಡಿಯ ಮೇಲಿರುವ ನನ್ನ ಕೋಣೆಯ ಮೆಟ್ಟಿಲು ಹತ್ತಿದರು. ನಿವೃತ್ತ ಶಿಕ್ಷಕರು. ಊರಿಗೆಲ್ಲ ಮೇಷ್ಟ್ರು, ಹಾಗಾಗಿ ನನಗೂ ಮೇಷ್ಟ್ರೇ.

ಪಿಎಚ್‌ಪಿಬಿಬಿ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡೆ. 2000ದಿಂದ ಬಳಕೆಯಲ್ಲಿರುವ ಹಳೆಯ ಆಳು ಅದು. ಕಡಿಮೆ ಬಾಡಿಗೆಯ ಸರ್ವರ್‌ನಲ್ಲೂ ತಕರಾರಿಲ್ಲದೆ ನಡೆಯುತ್ತದೆ. ಅಳವಡಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದರ ಜೊತೆಗೇ ಬರುವ ಪ್ರೋಸಿಲ್ವರ್ ಎಂಬ ವಿನ್ಯಾಸದಲ್ಲಿ ಮೇಲೊಂದು ನೀಲಿ ಪಟ್ಟಿ, ಕೆಳಗೆ ತಿಳಿನೀಲಿ ಸಾಲುಗಳು. ಮೇಷ್ಟ್ರಿಗೆ ತೋರಿಸಿದೆ. ತಮ್ಮ ತಾಣದ ಹಸಿರು ಪುಟದಿಂದ ‘ಚರ್ಚೆ’ ಎಂಬ ಗುಂಡಿ ಒತ್ತಿದರು, ನೀಲಿ ಪುಟ ತೆರೆಯಿತು. ಹಿಂದಕ್ಕೆ ಹೋಗಿ ಮತ್ತೆ ಒತ್ತಿದರು.

“ನೋಡಮ್ಮ, ತೋಟದಲ್ಲಿ ನಿಂತಿದ್ದವನನ್ನು ಬ್ಯಾಂಕಿನ ಕೌಂಟರಿಗೆ ತಂದು ನಿಲ್ಲಿಸಿದ ಹಾಗಾಯಿತು. ಇಲ್ಲಿ ಪಾಸ್‌ವರ್ಡ್ ಬೇರೆ ಕೇಳುತ್ತದೆ. ನಮ್ಮವರು ಯಾರೂ ಕೊಡುವುದಿಲ್ಲ.”

ಅಂದಚೆಂದದ ಮಾತು ಎಂದುಕೊಂಡು ಇದನ್ನು ತಳ್ಳಿಹಾಕುವಂತಿರಲಿಲ್ಲ. ಪರಿಚಯವಿಲ್ಲದ ಪುಟದಲ್ಲಿ ಗುಟ್ಟಿನ ಸಂಖ್ಯೆ ಕೊಡಬೇಡಿ ಎಂದು ಎಲ್ಲರಿಗೂ ಹೇಳುತ್ತಲೇ ಇರುತ್ತೇವೆ. ಅದನ್ನು ನಂಬಿ ನಡೆಯುವವರ ಮುಂದೆ ದಿಢೀರನೆ ಬೇರೊಂದು ಬಣ್ಣದ ಪುಟ ಇಟ್ಟರೆ ಅವರು ಹಿಂದೆ ಸರಿಯುವುದೇ ಸರಿ. ಎರಡೂ ಒಂದೇ ಮನೆಯ ಕೋಣೆಗಳೆಂದು ನೋಡಿದ ಕೂಡಲೇ ತಿಳಿಯಬೇಕು.

ಮೊದಲು ಹಸಿರನ್ನೇ ಹಿಡಿದೆ. ಮೂಲ ತಾಣದ ಸ್ಟೈಲ್‌ಶೀಟ್, ಅಂದರೆ ಪುಟದ ಬಣ್ಣ, ಅಕ್ಷರ, ಅಳತೆ ಹೇಳುವ ಕಡತ, ತೆರೆದು ನೋಡಿದರೆ ಅದರಲ್ಲಿದ್ದದ್ದು ಒಂದು ಹಸಿರಲ್ಲ. ತಲೆಪಟ್ಟಿಗೆ ಒಂದು, ಗುಂಡಿಗಳಿಗೆ ಇನ್ನೊಂದು, ಅಡಿಪಟ್ಟಿಗೆ ಮತ್ತೊಂದು. ಯಾವ ಕಾಲದಲ್ಲಿ ಯಾರು ಸೇರಿಸಿದರೋ, ಧಾರಣೆಯ ಕೋಷ್ಟಕಕ್ಕೆ ಎಲ್ಲಕ್ಕಿಂತ ಬೇರೆಯದೇ ಒಂದು. ಕಣ್ಣಿಗೆ ಎಲ್ಲವೂ ಒಂದೇ ಎನಿಸುತ್ತಿದ್ದವು, ಬಣ್ಣ ಗುರುತಿಸುವ ಸಂಖ್ಯೆಯಲ್ಲಿ ಮಾತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ. ತನಗೆ ತಾನೇ ಹೊಂದದ ತಾಣಕ್ಕೆ ಹೊಸದನ್ನು ಹೊಂದಿಸುವುದು ಹೇಗೆ? ಒಂದು ಹಸಿರನ್ನು ಉಳಿಸಿಕೊಂಡು, ಅದಕ್ಕೂ ತಿಳಿಹಳದಿಗೂ ಕಂದಿಗೂ ಹೆಸರಿಟ್ಟು ಒಂದೇ ಕಡತದಲ್ಲಿ ಬರೆದೆ. ತಾಣವೂ ವೇದಿಕೆಯೂ ಬಣ್ಣವನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು. ನಾಳೆ ಯಾರಿಗಾದರೂ ಹಸಿರು ಬೇಸರವಾದರೆ ಒಂದು ಸಾಲು ತಿದ್ದಿದರೆ ಸಾಕು. ಪ್ರೋಸಿಲ್ವರ್‌ನ ಮೂಲ ಕಡತಗಳನ್ನು ಮುಟ್ಟಲಿಲ್ಲ. ಅದನ್ನು ತಾಯಿಯಾಗಿಟ್ಟುಕೊಂಡು ಒಂದು ಮರಿ ವಿನ್ಯಾಸ ಮಾಡಲು ಅವಕಾಶವಿದೆ. ಮೂಲವನ್ನೇ ತಿದ್ದುವವರು ಮುಂದಿನ ಆವೃತ್ತಿ ಬಂದಾಗ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಬಣ್ಣ ಕೂಡಿತು. ಅಕ್ಷರ ಕೂಡಲಿಲ್ಲ. ತಾಣದಲ್ಲಿದ್ದ ಫಾಂಟ್ ನೋಟೋ ಸಾನ್ಸ್ ಕನ್ನಡ. ವೇದಿಕೆಯಲ್ಲೂ ಅದನ್ನೇ ಹೇಳಿದ್ದೆ, ಆದರೂ ನನ್ನ ಗಣಕದಲ್ಲಿ ವಿಂಡೋಸ್‌ನ ನಿರ್ಮಲಾ ಅಕ್ಷರಗಳೇ ಕಾಣುತ್ತಿದ್ದವು. ಕಾರಣ ಎರಡು. ವೇದಿಕೆಯನ್ನು ಉಪಡೊಮೇನ್‌ನಲ್ಲಿ, ಅಂದರೆ ತಾಣದ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸಿದ ವಿಳಾಸದಲ್ಲಿ, ಇಟ್ಟಿದ್ದೆವು. ಬೇರೆ ವಿಳಾಸದಿಂದ ಸ್ಟೈಲ್‌ಶೀಟ್ ತರಲು ಬ್ರೌಸರ್ ಏನೂ ಕೇಳುವುದಿಲ್ಲ. ಫಾಂಟ್ ತರಬೇಕಾದರೆ ಮಾತ್ರ ಆ ಸರ್ವರ್ ‘ಕೊಡಬಹುದು’ ಎಂದು ಉತ್ತರದಲ್ಲಿ ತಿಳಿಸಲೇಬೇಕು. ಉಪಡೊಮೇನ್ ಕೂಡ ಬ್ರೌಸರ್‌ನ ಲೆಕ್ಕದಲ್ಲಿ ಹೊರಗಿನದೇ. ಸರ್ವರ್‌ನಲ್ಲಿ ಆ ಅನುಮತಿಯ ಸಾಲು ಸೇರಿಸಿದ ಮೇಲೆ ಅರ್ಧ ಪುಟ ಸರಿಹೋಯಿತು. ಉಳಿದರ್ಧದ ತೊಂದರೆ ಬೇರೆ: ಪ್ರೋಸಿಲ್ವರ್ ಫಾಂಟ್ ಅನ್ನು ಒಂದೆಡೆ ಹೇಳಿ ಸುಮ್ಮನಾಗುವುದಿಲ್ಲ. ಶೀರ್ಷಿಕೆಗೆ ಟ್ರೆಬುಶೆ, ಬರಹಕ್ಕೆ ಲುಸಿಡಾ, ಪಟ್ಟಿಗೆ ಏರಿಯಲ್ ಎಂದು ಜಾಗಜಾಗದಲ್ಲಿ ಹೇಳಿರುತ್ತದೆ. ಅವು ಯಾವುವೂ ಕನ್ನಡದವಲ್ಲ. ಹಾಗಾಗಿ ಕನ್ನಡ ಅಕ್ಷರ ಬಂದಾಗ ಆಯಾ ಯಂತ್ರದಲ್ಲಿ ಇದ್ದದ್ದು ಬಂದು ಕೂರುತ್ತದೆ. ಒಂದೊಂದನ್ನೂ ಹುಡುಕಿ ತಿದ್ದುವುದು ಬಿಟ್ಟು ದಾರಿಯಿಲ್ಲ.

ನಡುವೆ ಮೇಷ್ಟ್ರ ಮಗ ಫೋನ್ ಮಾಡಿ, ಗೂಗಲ್ ಫಾಂಟ್ಸ್‌ನಲ್ಲಿ ‘ಬೆಣ್ಣೆ’ ಎಂಬ ಕನ್ನಡ ಫಾಂಟ್ ಇದೆಯಂತಲ್ಲ, ದಾವಣಗೆರೆಯವರಾಗಿ ಅದನ್ನು ಬಿಟ್ಟರೆ ಹೇಗೆ ಎಂದು ಕೇಳಿದರು. ಚೆಲುವಾದ ಫಾಂಟ್, ಸುಳ್ಳಲ್ಲ. ಆದರೆ ಅದು ಸಿಗುವುದು ಸಾಮಾನ್ಯ ತೂಕವೊಂದರಲ್ಲೇ (ತೂಕವೆಂದರೆ ಅಕ್ಷರದ ಗೆರೆಯ ದಪ್ಪ). ವೇದಿಕೆಯಲ್ಲಿ ವಿಷಯಗಳ ಶೀರ್ಷಿಕೆಗಳೆಲ್ಲ ದಪ್ಪಕ್ಷರ. ದಪ್ಪದ ಅಚ್ಚು ಇಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಒತ್ತಕ್ಷರಗಳ ಸಂದುಗಳು ಮುಚ್ಚಿಹೋಗುತ್ತವೆ. ಬೆಣ್ಣೆ ದೋಸೆಗೇ ಇರಲಿ ಎಂದೆ.

ಆಮೇಲೆ ಬಂದದ್ದು ಅಳತೆ, ನಿಜವಾದ ಕೆಲಸ ಇದ್ದದ್ದು ಅಲ್ಲೇ. ಪ್ರೋಸಿಲ್ವರ್‌ನಲ್ಲಿ ಅಕ್ಷರದ ಮೂಲ ಗಾತ್ರ 10 ಪಿಕ್ಸೆಲ್. ಬರೆದ ಉತ್ತರಗಳು 13 ಪಿಕ್ಸೆಲ್‌ನಲ್ಲಿ, ಸಾಲಿನ ಎತ್ತರ ಅದರ 1.4 ಪಟ್ಟು. ಇಂಗ್ಲಿಷಿಗೆ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೊಂದು ಒತ್ತು. ಪಟ್ಟಿಗಳ ತಲೆಬರಹವನ್ನು ಪ್ರೋಸಿಲ್ವರ್ ಇಂಗ್ಲಿಷಿನ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆದು ಎದ್ದುಕಾಣಿಸುತ್ತದೆ, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ. ಉಳಿಯುವುದು ಬರೀ ಚಿಕ್ಕ ಅಕ್ಷರ. ಪರೀಕ್ಷೆಗೆಂದು ಅರ್ಥವಿಲ್ಲದ ಪಠ್ಯ ತುಂಬಿಸುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ, ನನಗದು ಹಿಡಿಸದು. ಮೇಷ್ಟ್ರಿಂದಲೇ ಒಂದು ಉತ್ತರ ಬರೆಸಿಕೊಂಡೆ: ಕೊಳೆ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತೋಟದಲ್ಲಿ ಬಿಸಿಲಿಗೆ ಫೋನ್ ಹಿಡಿದವರು ಇದರಲ್ಲಿ 100 ಅನ್ನು 10 ಎಂದು ಓದಿಕೊಂಡರೆ ವಿನ್ಯಾಸ ಎಷ್ಟು ಚೆನ್ನಾಗಿದ್ದೇನು? ಉತ್ತರಗಳನ್ನು 17 ಪಿಕ್ಸೆಲ್‌ಗೆ ಏರಿಸಿ, ಸಾಲಿನ ಎತ್ತರವನ್ನು 1.8 ಪಟ್ಟಿಗೆ ತಂದೆ.

ಹೊಂದಿಕೆಯೆಂದರೆ ನಕಲು ಎಂಬ ಭ್ರಮೆ ಬಿಟ್ಟುಹೋದದ್ದು ಹಳದಿಯ ವಿಷಯದಲ್ಲಿ. ತಾಣದಲ್ಲಿ ಅಡಿಕೆ ಹಣ್ಣಿನ ಹಳದಿಯನ್ನು ದೊಡ್ಡ ತಲೆಬರಹಗಳಿಗೆ ಬಳಸಿದ್ದರು, ಚೆನ್ನಾಗಿಯೇ ಇತ್ತು. ಅದೇ ಹಳದಿ ವೇದಿಕೆಯ ಸಣ್ಣ ಕೊಂಡಿಗಳಿಗೆ ಬಂದಾಗ ಬಿಳಿಯ ಮೇಲೆ ಕರಗಿಹೋಯಿತು. ದೊಡ್ಡ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ 3ಕ್ಕೆ 1 ಇದ್ದರೆ ಸಾಕು, ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5ಕ್ಕೆ 1 ಬೇಕು ಎಂದು ಅಂತರ್ಜಾಲದ ಸುಗಮ್ಯತಾ ಮಾನದಂಡಗಳು ಹೇಳುತ್ತವೆ. ಹಾಗಾಗಿ ವೇದಿಕೆಯ ಕೊಂಡಿಗಳಿಗೆ ಹಳದಿಯನ್ನು ಕಂದಿನ ಕಡೆಗೆ ಎಳೆದೆ. ಪಕ್ಕಪಕ್ಕ ಇಟ್ಟು ಅಳೆದರೆ ಎರಡೂ ಬೇರೆ ಬೇರೆ. ಪುಟದಿಂದ ಪುಟಕ್ಕೆ ಹೋಗುವವರಿಗೆ ಒಂದೇ.

ಮೇಷ್ಟ್ರ ಜೊತೆ ಜಗಳವಾದದ್ದು ತಲೆಪಟ್ಟಿಗೆ. ಮೂಲ ತಾಣದಲ್ಲಿ ಅಡಿಕೆ ತೋಟದ ಅಗಲವಾದ ಫೋಟೋ ಇತ್ತು, ವೇದಿಕೆಯಲ್ಲೂ ಬೇಕೆಂದರು. ಫೋನಿನಲ್ಲಿ ಅದು ಅರ್ಧ ಪರದೆ ನುಂಗುತ್ತದೆ, ಪ್ರತಿ ಉತ್ತರ ಓದುವಾಗಲೂ ತೋಟ ದಾಟಿ ಬರಬೇಕಾಗುತ್ತದೆ ಎಂದೆ. “ತೋಟ ದಾಟುವುದು ನಮಗೆ ಅಭ್ಯಾಸ ಕಣಮ್ಮ” ಎಂದರು. ನಾನು ಬಗ್ಗಲಿಲ್ಲ. ಕೊನೆಗೆ ಲಾಂಛನವೂ ಮುಖ್ಯ ಕೊಂಡಿಗಳೂ ಇರುವ ತೆಳುವಾದ ಹಸಿರು ಪಟ್ಟಿಗೆ ಒಪ್ಪಿದರು. ಫೋಟೋ ವೇದಿಕೆಯ ಮೊದಲ ಪುಟದಲ್ಲಿ ಮಾತ್ರ ಉಳಿಯಿತು. ಅವರ ಹಟಕ್ಕೂ ಸ್ವಲ್ಪ ಬೆಲೆ ಕೊಡಬೇಕಲ್ಲ.

ಎಲ್ಲ ಮುಗಿಸಿ ತೋರಿಸಿದ ದಿನ ಅವರು ಬಣ್ಣದ ಬಗ್ಗೆ ಮಾತೇ ಆಡಲಿಲ್ಲ. ಬೋರ್ಡೋ ದ್ರಾವಣದ ಉತ್ತರವನ್ನು ಕನ್ನಡಕ ತೆಗೆದು ಓದಿದರು, ಆಮೇಲೆ ಮುಖ್ಯ ತಾಣಕ್ಕೆ ಹೋಗಿ ಸಿಂಪಡಣೆಯ ಪುಟ ತೆರೆದು ಕನ್ನಡಕ ಹಾಕಿಕೊಂಡರು.

“ಇಲ್ಲಿ ಯಾಕಮ್ಮ ಅಕ್ಷರ ಇಷ್ಟು ಚಿಕ್ಕದು? ಇದನ್ನೂ ಅದರ ಹಾಗೆ ಮಾಡಿಬಿಡು.”

ಹೊಸದನ್ನು ಹಳೆಯದಕ್ಕೆ ಹೊಂದಿಸುವುದಕ್ಕೆ ಮಾತ್ರ ದರ ಹೇಳಿದ್ದೆ, ಇದು ತಿರುಗುಮುರುಗು, ಇದಕ್ಕೆ ಬೇರೆ ಬಿಲ್ ಎಂದೆ. ಅಡಿಕೆ ಧಾರಣೆ ನೋಡಿಕೊಂಡು ಹೇಳುತ್ತೇನೆ ಎಂದು ಎದ್ದರು.