ಸೋಗಾನೆಯಿಂದ ಸಿಗಂದೂರಿಗೆ: ಪೈಲಟ್ ಕಣ್ಣಿನಲ್ಲಿ ಹಿನ್ನೀರು

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ರನ್‌ವೇ 3.2 ಕಿ.ಮೀ. ಉದ್ದ. ಅಲ್ಲಿಂದ ಆನಂದಪುರ, ಸಾಗರ ದಾಟಿ ಅಂಬಾರಗೋಡ್ಲು ಮುಟ್ಟುವವರೆಗೆ ಅಷ್ಟು ಸಪಾಟು ಜಾಗ ಇನ್ನೊಂದು ಸಿಗುವುದಿಲ್ಲ. ಗುಡ್ಡ, ಅಡಿಕೆ ತೋಟ, ಅಕೇಶಿಯಾ. ಗದ್ದೆಗಳಿದ್ದರೂ ಅಂಚು ಅಂಚಾಗಿ ಇಳಿಯುವಂಥವು. ಕೊನೆಗೆ ಲಿಂಗನಮಕ್ಕಿ ಹಿನ್ನೀರು. ಎರಡು ಎಂಜಿನ್‌ನ ಸಣ್ಣ ವಿಮಾನದಲ್ಲಿ ಮೇಲೆ ಹಾರುವವನಿಗೆ, ತುರ್ತಾಗಿ ಇಳಿಯಲೇಬೇಕಾದ ಕಷ್ಟಕಾಲದಲ್ಲಿ ಕಾಣುವ ಬಯಲು ಇದೊಂದೇ.

ಎರಡು ಎಂಜಿನ್ ಇರುವಾಗ ನೀರಿಗೇಕೆ ಇಳಿಯಬೇಕು? ಸಣ್ಣ ಪಿಸ್ಟನ್ ವಿಮಾನದಲ್ಲಿ ಒಂದು ಎಂಜಿನ್ ಹೋದರೆ ಶಕ್ತಿ ಅರ್ಧವಾಗುತ್ತದೆ, ಆದರೆ ಮೇಲೇರುವ ಸಾಮರ್ಥ್ಯ ಸುಮಾರು ಶೇ. 80ರಷ್ಟು ಹೋಗುತ್ತದೆ. ತುಂಬಿದ ಭಾರ, ಬೇಸಿಗೆಯ ಸೆಕೆ, ಎದುರಿಗೆ 1343 ಮೀಟರಿನ ಕೊಡಚಾದ್ರಿ: ಎತ್ತರ ಉಳಿಸಿಕೊಳ್ಳುವುದೇ ಕಷ್ಟ. ಇಂಧನದಲ್ಲಿ ನೀರು ಸೇರಿದ್ದರೆ ಎರಡೂ ನಿಲ್ಲಬಹುದು. ಹಾಗಾಗಿ ಇಳಿಯಲೇಬೇಕೆಂದು ಗೊತ್ತಾದ ಮೇಲೆ, ಒಂದು ಎಂಜಿನ್ ಇನ್ನೂ ಓಡುತ್ತಿರುವಾಗಲೇ ಇಳಿಯುವುದು ಲೇಸು. ಆದರೆ ನೀರಿನ ಹತ್ತಿರ, ವೇಗ ತಗ್ಗಿದ ಮೇಲೆ ಆ ಒಂದನ್ನೇ ಜೋರು ಮಾಡಿದರೆ ವಿಮಾನ ಸತ್ತ ಎಂಜಿನ್ ಕಡೆಗೆ ಮಗುಚುತ್ತದೆ.

2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯ ಮೇಲೆ ನಿಂತರೆ ಲೆಕ್ಕ ಸ್ಪಷ್ಟವಾಗುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಮುದ್ರಮಟ್ಟದಿಂದ ಎತ್ತರ ಅಳೆಯುವ ಆಲ್ಟಿಮೀಟರ್ 5000 ಅಡಿ ತೋರಿಸಿದರೂ ನೀರಿನ ಮೇಲೆ ಉಳಿದದ್ದು 3181 ಅಡಿ. ಎರಡೂ ಎಂಜಿನ್ ನಿಂತು, ಪ್ರೊಪೆಲರ್ ಫೆದರ್ ಆಗಿ (ಗಾಳಿಗೆ ತಡೆಯಾಗದಂತೆ ಎಲೆಗಳು ಓರೆ ತಿರುಗಿ), ಒಂದಡಿ ಇಳಿತಕ್ಕೆ ಹತ್ತಡಿ ತೇಲಿದರೆ ಸುಮಾರು 9.7 ಕಿ.ಮೀ.

ಹಿನ್ನೀರಿನ ಕಪಟ ಬೇಸಿಗೆಯಲ್ಲಿ ಬಯಲಾಗುತ್ತದೆ. ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ, ಸುತ್ತ ಮುಳುಗಡೆಯ ಮರಗಳ ಬೊಡ್ಡೆಗಳು ಕರ್ರಗೆ ನಿಂತಿರುತ್ತವೆ. ಮಳೆಗಾಲ ಕಳೆದು ನೀರು ತುಂಬಿದಾಗ ಅವೇ ಬೊಡ್ಡೆಗಳು ಕಣ್ಣಿಗೆ ಬೀಳದೆ ಅಲ್ಲೇ ಇರುತ್ತವೆ. ಅಂಚಿನ ಕೊಲ್ಲಿಗಳನ್ನು ನಂಬಬಾರದು. ಸೇತುವೆಗೆ ಮುಂಚೆ ಜನರನ್ನು ದಾಟಿಸುತ್ತಿದ್ದ ಲಾಂಚ್ ಓಡಿದ ಆಳದ ಪಾತ್ರವೇ ವಾಸಿ. ಅಲ್ಲಿ ಸೇತುವೆಯ ಕೇಬಲ್‌ಗಳಿವೆ, ಒಂದು ಕಿಲೋಮೀಟರಾದರೂ ಬಿಟ್ಟು ಇಳಿಯಬೇಕು, ಆದರೂ ಜನರ ಕಣ್ಣಿಗೆ ಬೀಳುವಷ್ಟು ಹತ್ತಿರ.

ಬೆಳಿಗ್ಗೆ ನೀರು ಕನ್ನಡಿಯಂತಿರುತ್ತದೆ, ನೋಡುವವರಿಗೆ ಹಬ್ಬ. ಪೈಲಟ್‌ಗೆ ಮಾತ್ರ ಎತ್ತರ ತಿಳಿಯದು. ದಡದ ಮರಗಳನ್ನು ಓರೆಗಣ್ಣಲ್ಲಿ ಇಟ್ಟುಕೊಂಡು, ಶಕ್ತಿ ಇದ್ದರೆ ನಿಮಿಷಕ್ಕೆ 150 ಅಡಿಯಂತೆ ಇಳಿಯಬೇಕು. ಮಧ್ಯಾಹ್ನ ಗಾಳಿ ಎದ್ದು ಅಲೆ ಮೂಡಿದರೆ ಗಾಳಿಗೆದುರಾಗಿ.

ಚಕ್ರ ಮಡಚಿರಬೇಕು, ಇಳಿಸಿದರೆ ನೀರಿಗೆ ನಾಟಿಕೊಂಡು ವಿಮಾನದ ಮೂಗು ಅಡಿಯಾಗುತ್ತದೆ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ) ವಿಮಾನದ ಕೈಪಿಡಿ ಹೇಳಿದಷ್ಟು. ರೆಕ್ಕೆ ಸಮ, ಮೂಗು ತುಸು ಮೇಲೆ, ವೇಗ ಸ್ಟಾಲ್‌ಗೆ (ರೆಕ್ಕೆ ವಿಮಾನವನ್ನು ಹೊರಲಾರದ ಮಟ್ಟಕ್ಕೆ) ತೀರಾ ಹತ್ತಿರ: 60 ನಾಟ್ (ವಿಮಾನದ ವೇಗದ ಅಳತೆ) ಬದಲು 75 ಇದ್ದರೆ ಹೊಡೆತದ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು. ಮೊದಲ ತಾಗು ಹಗುರ, ಎರಡನೆಯದು ಜೋರು. ಮೊದಲಿನದಕ್ಕೇ ಮುಗಿಯಿತೆಂದು ಬೆಲ್ಟ್ ಬಿಚ್ಚಿದವರು ಮುಂದಕ್ಕೆ ಹಾರುತ್ತಾರೆ.

ಬಾಗಿಲ ವಿಚಾರ ಎಲ್ಲರೂ ಮರೆಯುವಂಥದ್ದು. ಹೊಡೆತಕ್ಕೆ ಚೌಕಟ್ಟು ಸೊಟ್ಟಗಾದರೆ ಅದು ತೆರೆಯುವುದಿಲ್ಲ. ಕೈಪಿಡಿ ಒಪ್ಪಿದರೆ, ಇಳಿಯುವ ಮೊದಲೇ ಚಿಲಕ ತೆಗೆದು ಸಂದಿಗೆ ಒಂದು ಶೂ ತುರುಕಬೇಕು. ಹೆಡ್‌ಸೆಟ್ ತೆಗೆದಿಡಬೇಕು, ವೈರು ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಲೈಫ್ ಜಾಕೆಟ್ ಮೊದಲೇ ತೊಟ್ಟಿರಬೇಕು, ಒಳಗೆ ಊದಿಸಬಾರದು: ನೀರು ನುಗ್ಗಿದರೆ ಅದು ಚಾವಣಿಗೆ ಒತ್ತಿ ಹಿಡಿಯುತ್ತದೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ. ವಿಮಾನ ಪೂರ್ತಿ ನಿಂತ ಮೇಲೆ ಬಿಚ್ಚಿ, ಚೌಕಟ್ಟಿನ ಕೈಯನ್ನು ಬಿಡದೆ ಅದೇ ದಿಕ್ಕಿಗೆ ಹೊರಗೆ. ಹಗ್ಗ ಎಳೆದು ಜಾಕೆಟ್ ಊದಿಸುವುದು ಆಮೇಲೆ.